ಹಳಬರು ಮರಳಿ ಬರುವ ದಿನ

ಆಟಗಾರನಿಗೆ ಎರಡು ಮುಪ್ಪು. ಒಂದು ಎಲ್ಲರಿಗೂ ಬರುವಂಥದು. ಇನ್ನೊಂದು ಮೂವತ್ತೈದರ ಆಸುಪಾಸಿನಲ್ಲಿಯೇ ಬಂದು ಬಾಗಿಲು ತಟ್ಟುವಂಥದು. ವಕೀಲನಾದವನು ಆ ವಯಸ್ಸಿಗೆ ಹೆಸರು ಮಾಡತೊಡಗುತ್ತಾನೆ; ವೈದ್ಯನ ಕೈಗುಣ ಆಗ ಊರಿಗೆ ಗೊತ್ತಾಗುತ್ತದೆ; ಸಂಗೀತಗಾರನ ಕಂಠ ಆಗ ತಾನೆ ಹದಕ್ಕೆ ಬಂದಿರುತ್ತದೆ. ಆಟಗಾರನ ಪಾಲಿಗೆ ಮಾತ್ರ ಅದು ಗಂಟುಮೂಟೆ ಕಟ್ಟುವ ಕಾಲ. ಹಾಗೆ ಹೋದವರು ಎಲ್ಲಿಗೆ ಹೋದರು, ಏನಾದರು ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಅವರ ಜಾಗಕ್ಕೆ ಬಂದ ಹೊಸಬನ ಮೇಲೆ ನಮ್ಮ ಕಣ್ಣು ನೆಟ್ಟಿರುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟದವರು ಈ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳುವ ಒಂದು ಪದ್ಧತಿಯನ್ನು ಬೆಳೆಸಿಕೊಂಡು ಬಂದಿದ್ದಾರೆ. ‘ಓಲ್ಡ್ ಟೈಮರ್ಸ್ ಡೇ’ ಎಂದು ಅದರ ಹೆಸರು; ‘ಹಳಬರ ದಿನ’ ಎಂದು ನಾವು ಕರೆಯಬಹುದು. ನ್ಯೂಯಾರ್ಕಿನ ಯಾಂಕೀಸ್ ತಂಡದವರು 1947ರಿಂದ, ನಡುವೆ ಒಂದೆರಡು ವರ್ಷ ತಪ್ಪಿದ್ದುಂಟಾದರೂ, ಇದನ್ನು ನಡೆಸುತ್ತ ಬಂದಿದ್ದಾರೆ. ಅಂದು ಗೊತ್ತಾದ ಪಂದ್ಯ ಮೊದಲಾಗುವುದಕ್ಕೆ ಮುಂಚೆ, ಎಂದೋ ಆಡಿ ಬಿಟ್ಟವರು ಬೆನ್ನ ಮೇಲೆ ತಮ್ಮ ಹಳೆಯ ಅಂಕಿಯಿರುವ ಅಂಗಿ ತೊಟ್ಟು ಮೈದಾನಕ್ಕೆ ಬರುತ್ತಾರೆ. ಧ್ವನಿವರ್ಧಕದಲ್ಲಿ ಒಬ್ಬೊಬ್ಬರ ಹೆಸರನ್ನೂ ಕರೆಯುತ್ತಾರೆ. ಒಬ್ಬನ ಹೊಟ್ಟೆ ಅಂಗಿಯ ಅಳತೆಯನ್ನು ಮೀರಿರುತ್ತದೆ. ಒಬ್ಬನ ತಲೆಯಲ್ಲಿ ಕೂದಲಿಲ್ಲ. ಇನ್ನೊಬ್ಬನ ಕೈಯಲ್ಲಿ ಊರುಗೋಲು. ತೀರಿಕೊಂಡ ಆಟಗಾರರ ಪತ್ನಿಯರನ್ನೂ ಹೆಸರು ಹೇಳಿ ಕರೆದು ಗೌರವಿಸುವುದುಂಟು. ಆಮೇಲೆ ಹಳಬರೇ ಎರಡು ಪಂಗಡವಾಗಿ ಸ್ವಲ್ಪ ಹೊತ್ತು ಆಡುತ್ತಾರೆ. ಕೆಲವು ವರ್ಷ ಈ ಆಟವನ್ನು ಕೈಬಿಟ್ಟು ಹೆಸರು ಕರೆಯುವುದಷ್ಟನ್ನೇ ಉಳಿಸಿಕೊಂಡದ್ದೂ ಉಂಟು. ಆಗಲೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಏಕೆ ತಟ್ಟುತ್ತಾರೆ, ಆ ಚಪ್ಪಾಳೆ ಯಾರಿಗೆ ಸಲ್ಲುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಈ ಮಾತಿನುದ್ದಕ್ಕೂ ಆಟಗಾರರನ್ನು ಏಕವಚನದಲ್ಲಿಯೇ ಕರೆಯುತ್ತೇನೆ. ಮೆಚ್ಚಿನ ಆಟಗಾರನಿಗೆ ಬಹುವಚನ ಹಚ್ಚಿದರೆ ಅವನು ನಮ್ಮಿಂದ ದೂರ ಸರಿದು ಕುಳಿತ ಹಾಗಾಗುತ್ತದೆ.

ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದ ಆಟವಲ್ಲ. ಕ್ರಿಕೆಟ್ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾರೆ. ದುಂಡನೆಯ ದಾಂಡಿನಿಂದ ಅದನ್ನು ಹೊಡೆಯಬೇಕು. ಹೊಡೆದವನು ಮೂರು ನೆಲೆಗಳನ್ನು ಮುಟ್ಟಿ, ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ರನ್ನು. ಹೊರಟ ಆ ಜಾಗಕ್ಕೆ ‘ಹೋಮ್’, ಎಂದರೆ ಮನೆ, ಎಂದೇ ಹೆಸರು. ಚೆಂಡೆಸೆಯುವವನು ಪಿಚರ್. ನಮ್ಮ ವಿಕೆಟ್‌ಕೀಪರನಂತೆ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನು ಕ್ಯಾಚರ್. ಚೆಂಡನ್ನು ಬೇಲಿಯಾಚೆಗೆ ಅಟ್ಟಿದರೆ ಅದು ಹೋಮ್‌ರನ್. ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ವಸಂತದಲ್ಲಿ ಶುರುವಾಗಿ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯಗಳನ್ನು ಆಡುತ್ತದೆ. 1960ರವರೆಗೆ ಇದು 154 ಆಗಿತ್ತು. ಆರು ತಿಂಗಳು ಹೆಚ್ಚುಕಡಮೆ ದಿನವೂ ಆಟ. ಹೀಗಾಗಿ ಅಲ್ಲಿನ ಆಟಗಾರ ಹಬ್ಬಕ್ಕೆ ಬರುವ ನೆಂಟನಲ್ಲ. ಬೆಳಗಿನ ಪತ್ರಿಕೆಯಂತೆ, ಹಾಲಿನವನಂತೆ ದಿನವೂ ಬರುವವನು.

ಅವನು ಹಾಗೆ ಮನೆಯೊಳಕ್ಕೆ ಬರಲು ದಾರಿ ಮಾಡಿಕೊಟ್ಟದ್ದು ರೇಡಿಯೋ. ದೊಡ್ಡ ಲೀಗಿನ ಬೇಸ್‌ಬಾಲ್ ಪಂದ್ಯವೊಂದು ಮೊಟ್ಟಮೊದಲು ಬಾನುಲಿಯಲ್ಲಿ ಕೇಳಿಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್ ನಗರದ ಕೆ.ಡಿ.ಕೆ.ಎ. ನಿಲಯದಿಂದ. ಮೈದಾನವನ್ನು ಜನ್ಮದಲ್ಲಿ ಕಾಣದ ರೈತನಿಗೂ, ಹಾಸಿಗೆ ಹಿಡಿದ ಮುದುಕಿಗೂ ಆಟಗಾರರು ಅಲ್ಲಿಂದ ಮುಂದೆ ಪರಿಚಿತರಾದರು. ಆಗೆಲ್ಲ ದೂರದೂರಿನ ಪಂದ್ಯಕ್ಕೆ ವಿವರಣೆಕಾರನೇ ಹೋಗುತ್ತಿರಲಿಲ್ಲ. ತಂತಿಯಲ್ಲಿ ಬಂದ ನಾಲ್ಕು ಅಕ್ಷರದ ಸಂಕೇತವನ್ನು ನೋಡಿಕೊಂಡು, ಕಣ್ಣಾರೆ ಕಂಡವನಂತೆ ಸ್ಟುಡಿಯೋದಲ್ಲಿ ಕುಳಿತೇ ವರ್ಣಿಸುತ್ತಿದ್ದ. 1930ರ ದಶಕದಲ್ಲಿ ಅಯೋವಾ ಸಂಸ್ಥಾನದ ಒಂದು ನಿಲಯದಿಂದ ಷಿಕಾಗೋ ತಂಡದ ಆಟವನ್ನು ಹೀಗೆ ವರ್ಣಿಸುತ್ತಿದ್ದ ತರುಣನೊಬ್ಬನಿದ್ದ. ಒಮ್ಮೆ ತಂತಿ ಕೆಟ್ಟು ಸುದ್ದಿ ನಿಂತುಹೋಯಿತು. ಇವನು ಧೃತಿಗೆಡದೆ, ದಾಂಡಿಗ ಚೆಂಡನ್ನು ಗೆರೆಯಾಚೆಗೆ ಮತ್ತೆ ಮತ್ತೆ ಹೊಡೆಯುತ್ತಿದ್ದಾನೆಂದು ಹೇಳುತ್ತಲೇ ತಂತಿ ಸರಿಯಾಗುವವರೆಗೆ ಹೊತ್ತು ಕಳೆದನಂತೆ. ಆ ತರುಣನ ಹೆಸರು ರೊನಾಲ್ಡ್ ರೇಗನ್. 1981ರಿಂದ 1989ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದವನು. ಈ ಕಥೆಯನ್ನು ಅವನೇ ನಗುನಗುತ್ತ ಹೇಳುತ್ತಿದ್ದ. ಕಿವಿಯಿಂದಲೇ ಕಂಡ ಆಟಗಾರನಿಗೆ ಮುಪ್ಪು ಬರುವುದು ತಡ. ಕೇಳುಗನ ಮನಸ್ಸಿನಲ್ಲಿ ಅವನು ಯಾವಾಗಲೂ ಇಪ್ಪತ್ತೈದರ ಪ್ರಾಯದವನು. ಅಂಥವನು ಒಂದು ದಿನ ಕೋಲೂರಿಕೊಂಡು ಎದುರಿಗೆ ಬಂದರೆ ಎದೆ ಝಲ್ಲೆನ್ನದೆ ಇರುತ್ತದೆಯೆ?

ಹಳಬರನ್ನು ಕರೆಯುವ ಈ ಪದ್ಧತಿಯ ಹಿಂದೆ ಒಂದು ದುಃಖದ ದಿನವಿದೆ. ಯಾಂಕೀಸ್ ತಂಡದ ಲೂ ಗೆರಿಗ್ 1925ರಿಂದ 1939ರವರೆಗೆ ಒಂದೇ ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 2,130 ಪಂದ್ಯಗಳನ್ನು ಆಡಿದ. ಜ್ವರ ಬಂದರೂ ಆಡಿದ, ಬೆರಳು ಮುರಿದರೂ ಆಡಿದ. 1939ರ ಮೇ 2ರಂದು ತಾನಾಗಿಯೇ ಹೋಗಿ, ಇಂದು ನನ್ನನ್ನು ಆಡಿಸಬೇಡಿ ಎಂದ. ನರಗಳನ್ನು ಕೊಲ್ಲುತ್ತ ಸ್ನಾಯುಗಳ ಬಲವನ್ನೆಲ್ಲ ಹೀರುವ ವ್ಯಾಧಿ ಅವನಿಗೆ ಹತ್ತಿತ್ತು. ಆ ಜುಲೈ 4ರಂದು ಅವನ ಗೌರವಕ್ಕಾಗಿ ಯಾಂಕೀ ಸ್ಟೇಡಿಯಮ್ಮಿನಲ್ಲಿ 60,000ಕ್ಕೂ ಹೆಚ್ಚು ಜನ ಸೇರಿದರು. 1927ರ ಪ್ರಸಿದ್ಧ ತಂಡದಲ್ಲಿ ಅವನೊಡನೆ ಆಡಿದ್ದವರು ನಾನಾ ಊರುಗಳಿಂದ ಬಂದರು. ಅವರಲ್ಲಿ ಬೇಬ್ ರೂತ್ ಕೂಡ ಒಬ್ಬ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ರೂತ್ ಹೋಗಿ ಗೆರಿಗನ ಹೆಗಲ ಮೇಲೆ ಕೈ ಹಾಕಿ ತಬ್ಬಿಕೊಂಡ. ಗೆರಿಗ್ ಮಾತನಾಡಲು ನಿಂತು, ತಾನು ಭಾಗ್ಯಶಾಲಿ ಎಂಬರ್ಥದ ಮಾತು ಹೇಳಿದ. ಆಗ ಅವನಿಗೆ 36 ವರ್ಷ. 1941ರ ಜೂನ್ 2ರಂದು ತೀರಿಕೊಂಡ. ಅವನ ಬೆನ್ನಿನ 4ನೆಯ ಅಂಕಿಯನ್ನು ಆ ತಂಡದಲ್ಲಿ ಮತ್ತೆ ಯಾರಿಗೂ ಕೊಡಲಿಲ್ಲ. ಅಂಕಿಯೊಂದಕ್ಕೆ ಹೀಗೆ ವಿಶ್ರಾಂತಿ ಕೊಟ್ಟದ್ದು ದೊಡ್ಡ ಲೀಗುಗಳಲ್ಲಿ ಅದೇ ಮೊದಲು.

ಒಂಬತ್ತು ವರ್ಷ ಕಳೆದ ಮೇಲೆ ಬೇಬ್ ರೂತನ ಸರದಿ ಬಂತು. 1948ರ ಜೂನ್ 13ರಂದು ಸ್ಟೇಡಿಯಮ್ಮಿಗೆ ಇಪ್ಪತ್ತೈದು ತುಂಬಿದ ಸಮಾರಂಭ. ‘ರೂತ್ ಕಟ್ಟಿದ ಮನೆ’ ಎಂದೇ ಜನ ಆ ಮೈದಾನವನ್ನು ಕರೆಯುತ್ತಿದ್ದರು. ಕ್ಯಾನ್ಸರಿನಿಂದ ಇಳಿದುಹೋಗಿದ್ದ ರೂತ್ ಹಳೆಯ ಉಡುಪು ತೊಟ್ಟು ಬಂದ. ಒಂದು ದಾಂಡನ್ನೇ ಊರುಗೋಲು ಮಾಡಿಕೊಂಡು ನಿಂತ. ನ್ಯಾಟ್ ಫೀನ್ ಎಂಬ ಛಾಯಾಗ್ರಾಹಕ ಹಿಂದಿನಿಂದ ಚಿತ್ರ ತೆಗೆದ. ಅದರಲ್ಲಿ ರೂತನ ಮುಖ ಕಾಣುವುದಿಲ್ಲ. ಬಾಗಿದ ಬೆನ್ನು, ಅದರ ಮೇಲಿನ 3 ಎಂಬ ಅಂಕಿ, ಎದುರಿಗೆ ತುಂಬಿದ ಸಭೆ, ಇಷ್ಟೇ ಕಾಣುತ್ತದೆ. 1949ರಲ್ಲಿ ಆ ಚಿತ್ರಕ್ಕೆ ಪುಲಿಟ್ಜರ್ ಪಾರಿತೋಷಕ ಬಂತು. ಅಷ್ಟರಲ್ಲಿ ರೂತ್ ಇರಲಿಲ್ಲ. ಸಮಾರಂಭವಾದ ಎರಡು ತಿಂಗಳಿಗೆ, ಆಗಸ್ಟ್ 16ರಂದು, ಕಣ್ಣು ಮುಚ್ಚಿದ್ದ.

ಇದೆಲ್ಲ ಬರಿಯ ಶೋಕದ ಸಂಗತಿಯೆಂದು ಕೇಳುಗರು ಭಾವಿಸಬಾರದು. 1982ರ ಜುಲೈ 19ರಂದು ವಾಷಿಂಗ್‌ಟನ್ನಿನಲ್ಲಿ ಹಳಬರ ಪಂದ್ಯವೊಂದು ನಡೆಯಿತು. 1930ರಿಂದ 1950ರವರೆಗೆ ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಆಡಿದ್ದ ಲ್ಯೂಕ್ ಆಪ್ಲಿಂಗ್ ದಾಂಡು ಹಿಡಿದು ನಿಂತ. ಅವನಿಗೆ 75 ವರ್ಷ. ಚೆಂಡೆಸೆದವನು ವಾರನ್ ಸ್ಪಾನ್, 61ರ ತರುಣ! ಆಪ್ಲಿಂಗ್ ಹೊಡೆದ ಹೊಡೆತಕ್ಕೆ ಚೆಂಡು ಬೇಲಿಯಾಚೆಗೆ ಹೋಯಿತು. ಬೇಲಿ ಅಂದು ಮಾಮೂಲಿಗಿಂತ ಹತ್ತಿರವಿದ್ದುದು ನಿಜ. ಆದರೇನು? ತನ್ನ ಇಡೀ ಆಟದ ಜೀವನದಲ್ಲಿ ಅವನು ಹೊಡೆದ ಹೋಮ್‌ರನ್ನುಗಳು 45 ಮಾತ್ರ. ಪ್ರಾಯದಲ್ಲಿ ಅಪರೂಪವಾಗಿ ಒಲಿದದ್ದು ಮುಪ್ಪಿನಲ್ಲಿ ಕೇಳದೆಯೇ ಒಲಿದು ಬಂತು. ಆಟಕ್ಕೂ ಒಂದು ಹಾಸ್ಯಪ್ರವೃತ್ತಿ ಉಂಟು.

ಹೀಗೆ ನೋಡಿದಾಗ, ಎದ್ದು ನಿಂತು ಚಪ್ಪಾಳೆ ತಟ್ಟುವ ಅಭಿಮಾನಿ ಒಂದು ಲೆಕ್ಕ ಹಾಕುತ್ತಿರುತ್ತಾನೆ. ಇವನು ಆ ಚೆಂಡನ್ನು ಹಿಡಿದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಇವನು ಆಟ ಬಿಟ್ಟ ವರ್ಷ ನಮ್ಮ ತಂದೆ ಹೋದರು. ಇವನಿಗೆ ಇಷ್ಟು ವಯಸ್ಸಾಯಿತೆಂದರೆ ನನಗೆಷ್ಟಾಯಿತು? ಆಟಗಾರನ ನರೆಗೂದಲಿನಲ್ಲಿ ಅವನು ಕಾಣುವುದು ತನ್ನ ವರ್ಷಗಳನ್ನೇ. ಇದು ಸಹಜ, ಇದರಲ್ಲಿ ಸುಖವೂ ಉಂಟು. ಆದರೆ ಇಷ್ಟೇ ಆದರೆ ಹಳಬರ ದಿನವೆಂಬುದು ಅಭಿಮಾನಿಯ ಮನರಂಜನೆಯಾದೀತೇ ಹೊರತು, ಹಳಬನಿಗೆ ಅದರಿಂದ ದಕ್ಕುವುದೇನು? ಮರಳಿ ಬಂದವನಿಗೆ ಅವನದೇ ಒಂದು ಲೆಕ್ಕವಿರುತ್ತದೆ. ಆಟ ತನಗೆ ಏನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬ ಲೆಕ್ಕ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಅದು ಋಣದ ಲೆಕ್ಕ.

ರಾಯ್ ಕ್ಯಾಂಪನೆಲ್ಲನ ಸಂಗತಿ ನೋಡಿ. ನ್ಯೂಯಾರ್ಕಿನದೇ ಭಾಗವಾದ ಬ್ರೂಕ್ಲಿನ್ನಿನಲ್ಲಿ ಡಾಡ್ಜರ್ಸ್ ಎಂಬ ತಂಡವಿತ್ತು. ಅದರ ಕ್ಯಾಚರ್ ಈತ. ಲೀಗಿನ ಅತಿಶ್ರೇಷ್ಠ ಆಟಗಾರನೆಂಬ ಮನ್ನಣೆ ಮೂರು ಸಲ ಪಡೆದವನು. 1957ರ ಕೊನೆಗೆ ತಂಡ ಬ್ರೂಕ್ಲಿನ್ನನ್ನೇ ಬಿಟ್ಟು ಮೂರು ಸಾವಿರ ಮೈಲಿ ದೂರದ ಲಾಸ್ ಏಂಜಲೀಸಿಗೆ ಹೊರಟಿತು. 1958ರ ಜನವರಿಯಲ್ಲಿ ಕ್ಯಾಂಪನೆಲ್ಲನ ಕಾರು ಅಪಘಾತಕ್ಕೆ ಸಿಕ್ಕಿತು. ಕುತ್ತಿಗೆ ಮುರಿದು ದೇಹ ಸ್ವಾಧೀನ ತಪ್ಪಿತು. ಹೊಸ ಊರಿನ ಜನ ಅವನ ಆಟವನ್ನು ನೋಡಲೇ ಇಲ್ಲ. ಆದರೂ 1959ರ ಮೇ 7ರ ರಾತ್ರಿ ಅವನ ಗೌರವಾರ್ಥ ನಡೆದ ಪಂದ್ಯಕ್ಕೆ 93,103 ಜನ ಬಂದರು. ಅಂದಿನ ಹಣದಲ್ಲಿ ಒಂದು ಪಾಲು ಅವನ ಚಿಕಿತ್ಸೆಯ ಖರ್ಚಿಗೆ ಸೇರಿತು. ಹಳೆಯ ನಾಯಕ ಪೀ ವೀ ರೀಸ್ ಅವನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಮೈದಾನದ ನಡುವಿಗೆ ಬಂದ. ದೀಪಗಳನ್ನೆಲ್ಲ ಆರಿಸಿದರು. ಕತ್ತಲೆಯಲ್ಲಿ ಕುಳಿತ ಜನ ಒಬ್ಬೊಬ್ಬರೂ ಒಂದೊಂದು ಬೆಂಕಿಕಡ್ಡಿ ಗೀರಿ ಹಿಡಿದರು. ತಾವು ಕಾಣದ ಆಟಕ್ಕೆ ಆ ಊರಿನವರು ಸಲ್ಲಿಸಿದ ಬೆಳಕು ಅದು.

ಕ್ಯಾಂಪನೆಲ್ಲನ ಜೊತೆಗಾರ ಜ್ಯಾಕಿ ರಾಬಿನ್ಸನ್. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕರಿಯರಿಗೆ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. ಅವರು ಬೇರೆಯೇ ಲೀಗು ಕಟ್ಟಿಕೊಂಡು ಆಡಬೇಕಾಗಿತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಪರವಾಗಿ ಮೈದಾನಕ್ಕಿಳಿದು ಆ ಬಾಗಿಲನ್ನು ತೆರೆದವನು ರಾಬಿನ್ಸನ್. ಬೈಗುಳನ್ನೂ ಬೆದರಿಕೆಯ ಕಾಗದಗಳನ್ನೂ ಸಹಿಸಿ ಹತ್ತು ವರ್ಷ ಆಡಿದ. ಅಂಥವನನ್ನು 1969ರಲ್ಲಿ ಯಾಂಕೀಸಿನವರು ಹಳಬರ ಪಂದ್ಯಕ್ಕೆ ಆಹ್ವಾನಿಸಿದರು. ರಾಬಿನ್ಸನ್ ಬರುವುದಿಲ್ಲವೆಂದ. ಆಡಲು ಕರಿಯರು ಬೇಕು; ತಂಡವನ್ನು ನಡೆಸಲು, ಕಚೇರಿಯಲ್ಲಿ ಕುಳಿತು ಆಡಳಿತ ಮಾಡಲು ಬೇಡವೆ ಎಂಬುದು ಅವನ ಆಕ್ಷೇಪಣೆ. ತವರಿನವರು ಹಬ್ಬಕ್ಕೆ ಕರೆದರೂ, ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂದು ಕಂಡ ಮಗಳು ಹೋಗದೆ ಉಳಿಯುವುದುಂಟಲ್ಲವೆ? ಹೂ ಮುಡಿಸಿ ಕಳಿಸುವುದಕ್ಕಿಂತ ಹೆಚ್ಚಿನದು ಅವಳಿಗೆ ಸಲ್ಲಬೇಕಾಗಿರುತ್ತದೆ.

1972ರ ಅಕ್ಟೋಬರ್ 15ರಂದು, ಅವನು ಬಾಗಿಲು ತೆರೆದ 25ನೆಯ ವರ್ಷದ ನೆನಪಿಗಾಗಿ, ವರ್ಲ್ಡ್ ಸೀರೀಸ್ ಪಂದ್ಯದ ಮೊದಲ ಚೆಂಡೆಸೆಯಲು ಅವನನ್ನು ಸಿನ್ಸಿನಾಟಿಗೆ ಕರೆದರು. ಅಂದು ಬಂದ. ಸಕ್ಕರೆ ಕಾಯಿಲೆಯಿಂದ ಕಣ್ಣು ಬಹುಮಟ್ಟಿಗೆ ಹೋಗಿತ್ತು. 53 ವರ್ಷಕ್ಕೇ ತಲೆಯೆಲ್ಲ ಬೆಳ್ಳಗಾಗಿತ್ತು. ಗೌರವಕ್ಕೆ ಕೃತಜ್ಞತೆ ಹೇಳಿ, ತಂಡವನ್ನು ನಡೆಸುವವರ ಜಾಗದಲ್ಲಿ ಒಂದು ಕರಿಯ ಮುಖವನ್ನು ಕಂಡ ದಿನ ತನಗೆ ಇನ್ನೂ ಹೆಚ್ಚಿನ ಹೆಮ್ಮೆಯಾಗುವುದೆಂದು ಅಷ್ಟು ಜನರ ಎದುರಿಗೇ ಹೇಳಿದ. ಒಂಬತ್ತು ದಿನಗಳ ಮೇಲೆ, ಅಕ್ಟೋಬರ್ 24ರಂದು, ತೀರಿಕೊಂಡ. 1975ರ ಏಪ್ರಿಲ್ 8ರಂದು ಕ್ಲೀವ್‌ಲೆಂಡ್ ತಂಡದ ಮ್ಯಾನೇಜರಾಗಿ ಫ್ರ್ಯಾಂಕ್ ರಾಬಿನ್ಸನ್ ಎಂಬ ಕರಿಯ ಆಟಗಾರ ನಿಂತಾಗ, ಮೊದಲ ಚೆಂಡೆಸೆಯಲು ಬಂದವಳು ಜ್ಯಾಕಿಯ ಪತ್ನಿ ರೇಚಲ್. ಋಣ ತೀರಿತೆಂದಲ್ಲ, ಅಸಲಿನಲ್ಲಿ ಒಂದು ಕಂತು ಸಂದಾಯವಾಯಿತು.

ಸ್ವಂತ ಮನೆಯಲ್ಲೇ ಮನಸ್ಸು ಮುರಿದುಕೊಂಡವರೂ ಉಂಟು. ಯಾಂಕೀಸಿನ ಕ್ಯಾಚರಾಗಿದ್ದ ಯೋಗಿ ಬೆರ್ರಾ ಹತ್ತು ಸಲ ವರ್ಲ್ಡ್ ಸೀರೀಸ್ ಗೆದ್ದ ತಂಡಗಳಲ್ಲಿದ್ದವನು. ಮುಂದೆ ಅದೇ ತಂಡಕ್ಕೆ ಮ್ಯಾನೇಜರಾದ. 1985ರಲ್ಲಿ, ಪಂದ್ಯಗಳು ಮೊದಲಾಗಿ ಹದಿನಾರು ಆಗುವಷ್ಟರಲ್ಲಿ, ಅವನನ್ನು ಕೆಲಸದಿಂದ ತೆಗೆದರು. ತಂಡದ ಒಡೆಯ ಜಾರ್ಜ್ ಸ್ಟೈನ್‌ಬ್ರೆನರ್ ತಾನೇ ಬಂದು ಹೇಳದೆ ಇನ್ನೊಬ್ಬನ ಕೈಲಿ ಹೇಳಿ ಕಳಿಸಿದ. ಕೆಲಸ ಹೋದದ್ದಕ್ಕಿಂತ ಅದು ಬೆರ್ರಾನಿಗೆ ಹೆಚ್ಚು ನೋವಾಯಿತು. ಇನ್ನು ಈ ಮೈದಾನಕ್ಕೆ ಕಾಲಿಡುವುದಿಲ್ಲವೆಂದು ಹೊರಟವನು ಹದಿನಾಲ್ಕು ವರ್ಷ ಕಾಲಿಡಲಿಲ್ಲ. ವರ್ಷ ವರ್ಷವೂ ಹಳಬರ ದಿನ ಬಂತು, ಹೋಯಿತು; ಅವನ ಹೆಸರು ಕರೆಯುವ ಜಾಗ ಖಾಲಿಯಾಗಿಯೇ ಉಳಿಯಿತು. ಕಡೆಗೆ 1999ರ ಜನವರಿಯಲ್ಲಿ ಒಡೆಯನೇ ಬೆರ್ರಾ ಇದ್ದಲ್ಲಿಗೆ ಹೋಗಿ ತಪ್ಪಾಯಿತೆಂದ.

ಆ ವರ್ಷದ ಜುಲೈ 18ರಂದು ‘ಯೋಗಿ ಬೆರ್ರಾ ದಿನ’. ಮೊದಲ ಚೆಂಡೆಸೆಯಲು ಡಾನ್ ಲಾರ್ಸನ್ ಬಂದ. 1956ರ ಅಕ್ಟೋಬರ್ 8ರಂದು ವರ್ಲ್ಡ್ ಸೀರೀಸಿನಲ್ಲಿ ಲಾರ್ಸನ್ ಎಸೆದು, ಬೆರ್ರಾ ಹಿಡಿದು, ಎದುರು ತಂಡದ 27 ದಾಂಡಿಗರಲ್ಲಿ ಒಬ್ಬನೂ ಮೊದಲ ನೆಲೆಯನ್ನು ಕೂಡ ಮುಟ್ಟದಂತೆ ಕಳಿಸಿದ್ದರು. ಅಂದು ಎದುರು ನಿಂತದ್ದು ಬ್ರೂಕ್ಲಿನ್. ಹಾಗೆ ಹಿಂದಿರುಗಿದವರಲ್ಲಿ ರೀಸ್, ರಾಬಿನ್ಸನ್, ಕ್ಯಾಂಪನೆಲ್ಲ ಮೂವರೂ ಇದ್ದರು. ಈ ಬಗೆಯ ಪಂದ್ಯಕ್ಕೆ ‘ಪರ್ಫೆಕ್ಟ್ ಗೇಮ್’ ಎನ್ನುತ್ತಾರೆ. 2023ರ ಕೊನೆಯವರೆಗಿನ ದೊಡ್ಡ ಲೀಗುಗಳ ಇತಿಹಾಸದಲ್ಲೆಲ್ಲ ಇಂಥವು 24 ಮಾತ್ರ. ನಲವತ್ತಮೂರು ವರ್ಷದ ಮೇಲೆ ಲಾರ್ಸನ್ ಮತ್ತೆ ಎಸೆದ, ಬೆರ್ರಾ ಮತ್ತೆ ಹಿಡಿದ. ಇಬ್ಬರೂ ಅಲ್ಲಿಯೇ ಕುಳಿತು ನೋಡುತ್ತಿರಲು, ಅಂದಿನ ಪಿಚರ್ ಡೇವಿಡ್ ಕೋನ್ ಮಾಂಟ್ರಿಯಲ್ ತಂಡದ 27 ಮಂದಿಯನ್ನೂ ಹಾಗೆಯೇ ಹಿಂದಕ್ಕೆ ಕಳಿಸಿದ. ಕಥೆಗಾರನೊಬ್ಬ ಇದನ್ನು ಕಟ್ಟಿ ಬರೆದಿದ್ದರೆ ಸಂಪಾದಕರು ನಂಬಲಾಗದೆಂದು ಹಿಂದಿರುಗಿಸುತ್ತಿದ್ದರು. ಹಳಬನೊಬ್ಬನ ಮನಸ್ಸು ತಿಳಿಯಾದ ದಿನವೇ ಹೊಸಬನ ಕೈಗೆ ಆ ಭಾಗ್ಯ ಬಂದದ್ದು ಆಕಸ್ಮಿಕವಿರಬಹುದು. ಅದನ್ನು ಕಂಡ ಅಭಿಮಾನಿಗೆ ಆಕಸ್ಮಿಕವೆಂದು ಒಪ್ಪಿಸುವುದು ಸುಲಭವಲ್ಲ.

ಕರೆ ಬಾರದವರ ಮಾತನ್ನೂ ಆಡಬೇಕು. ಒಂದು ಮಳೆಗಾಲ ಆಡಿ, ಹತ್ತು ಸಲ ದಾಂಡು ಬೀಸಿ, ಗಾಯವಾಗಿ ಊರಿಗೆ ಹೋದವನ ಹೆಸರನ್ನು ಯಾವ ಧ್ವನಿವರ್ಧಕವೂ ಕೂಗುವುದಿಲ್ಲ. 1980ರಲ್ಲಿ ಆಟಗಾರರ ನಿವೃತ್ತಿವೇತನದ ನಿಯಮವನ್ನು ಸಡಿಲಿಸಿದರು. ನಾಲ್ಕು ವರ್ಷ ಆಡಿರಬೇಕೆಂಬುದನ್ನು 43 ದಿನಗಳಿಗೆ ಇಳಿಸಿದರು. ಒಳ್ಳೆಯದೇ ಆಯಿತು. ಆದರೆ ಆ ವರ್ಷಕ್ಕಿಂತ ಮುಂಚೆ ಅಲ್ಪಕಾಲ ಆಡಿ ಹೋದವರಿಗೆ ಅದು ಅನ್ವಯಿಸಲಿಲ್ಲ. ಅವರಿಗೆ ವರ್ಷಕ್ಕಿಷ್ಟೆಂದು ಒಂದಿಷ್ಟು ಹಣ ಕೊಡುವ ಏರ್ಪಾಡು ಆದದ್ದು 2011ರಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ತೀರಿಹೋಗಿದ್ದರು. ನೆನಪು ದೊಡ್ಡವರ ಕಡೆಗೇ ಹರಿಯುತ್ತದೆ. ಚಪ್ಪಾಳೆಯಿಂದ ತೀರದ ಬಾಕಿಗಳೂ ಇರುತ್ತವೆ.

ಮರಳಿ ಬರುವುದಕ್ಕೆ ಮೈದಾನವಾದರೂ ಉಳಿದಿರಬೇಕಲ್ಲವೆ? ರಾಬಿನ್ಸನ್ ಆಡಿದ ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಕೆಡವಿ ವಸತಿಗೃಹಗಳನ್ನು ಕಟ್ಟಿದರು. ಗೆರಿಗ್ ಮಾತನಾಡಿದ, ರೂತ್ ದಾಂಡೂರಿ ನಿಂತ ಯಾಂಕೀ ಸ್ಟೇಡಿಯಂ 2008ರಲ್ಲಿ ಕೊನೆಗಂಡಿತು. 2009ರಿಂದ ಬೀದಿಯಾಚೆಯ ಹೊಸ ಕಟ್ಟಡದಲ್ಲಿ ಆಟ. ನೆಲವೂ ಹೋದ ಮೇಲೆ ಉಳಿಯುವುದು ಹೆಸರು, ಅದನ್ನು ಕರೆಯುವ ದನಿ. 1951ರಿಂದ 2007ರವರೆಗೆ ಆ ಮೈದಾನದಲ್ಲಿ ಆಟಗಾರರ ಹೆಸರು ಕರೆದವನು ಬಾಬ್ ಷೆಪರ್ಡ್. 2010ರಲ್ಲಿ ಅವನು ತೀರಿಕೊಂಡ. ಆದರೂ ಡೆರೆಕ್ ಜೀಟರ್ ಎಂಬ ಆಟಗಾರ ತನ್ನ ಹೆಸರನ್ನು ಆ ದನಿಯೇ ಕರೆಯಬೇಕೆಂದು ಕೇಳಿಕೊಂಡಿದ್ದ. ಧ್ವನಿಮುದ್ರಿಕೆಯಲ್ಲಿ ಉಳಿದಿದ್ದ ಆ ಕರೆಯನ್ನೇ ಜೀಟರ್ ಆಟ ಬಿಟ್ಟ 2014ರವರೆಗೆ ಹಾಕುತ್ತ ಬಂದರು. ರೇಡಿಯೋದ ಮುಂದೆ ಕುಳಿತು ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1995ರ ಸೆಪ್ಟೆಂಬರ್ 6ರ ರಾತ್ರಿ ಬಾಲ್ಟಿಮೋರ್ ನಗರದಲ್ಲಿ ಕ್ಯಾಲ್ ರಿಪ್ಕೆನ್ ತನ್ನ 2,131ನೆಯ ಸತತ ಪಂದ್ಯವನ್ನು ಆಡಿ ಗೆರಿಗನ ದಾಖಲೆಯನ್ನು ಮೀರಿದ. ಅಂದು ಸಭೆಯಲ್ಲಿ ಎಂಬತ್ತು ವರ್ಷದ ವೃದ್ಧನೊಬ್ಬನಿದ್ದ: ಜೋ ಡಿಮ್ಯಾಜಿಯೋ. 1939ರಲ್ಲಿ ಗೆರಿಗ್ ಬಿಟ್ಟುಹೋದ ತಂಡದಲ್ಲಿ ಅವನ ಜೊತೆಗಾರನಾಗಿದ್ದವನು. ದಾಖಲೆ ಮುರಿದವನನ್ನು ಹರಸುವುದಕ್ಕೆ, ದಾಖಲೆ ಕಳೆದುಕೊಂಡವನ ಕಡೆಯಿಂದ ಒಬ್ಬ ಬೇಕಾಗಿತ್ತು. ಸತ್ತ ಗೆಳೆಯನ ಪರವಾಗಿ ಡಿಮ್ಯಾಜಿಯೋ ಎದ್ದು ನಿಂತು ನಾಲ್ಕು ಮಾತನಾಡಿದ. ಹಳಬರನ್ನು ಕರೆಯಬೇಕಾದದ್ದು ಇಂಥ ಕೆಲಸಕ್ಕೆ. ನಮ್ಮ ಬಾಲ್ಯದ ನೆನಪಿಗಾಗಿ ಅವರನ್ನು ಕರೆಯುವುದು ಸಣ್ಣ ಸಂತೋಷ. ಅವರು ಹೇಳಬೇಕೆಂದಿರುವುದನ್ನು ಹೇಳಿ ಹೋಗಲು ಎಡೆ ಮಾಡಿಕೊಡುವುದು ದೊಡ್ಡದು. ಎದ್ದು ನಿಂತ ಅಭಿಮಾನಿ ಚಪ್ಪಾಳೆ ನಿಲ್ಲಿಸಿದ ಮೇಲೂ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುವುದು ಒಳ್ಳೆಯದು.